ತಿಪ್ಪೆಯ ಮೇಲಿನ ಹೆಸರುಗಳು

ವರ್ಷದ ಮೊದಲ ದಿನ ತರಗತಿಯಲ್ಲಿ ಹಾಜರಿ ಕರೆಯುವಾಗ ಕೆಲವು ಹೆಸರುಗಳ ಮುಂದೆ ನಾನು ಒಂದು ಕ್ಷಣ ತಡೆಯುತ್ತೇನೆ. ತಿಪ್ಪೇಶ, ಕಲ್ಲಪ್ಪ, ಗುಂಡಮ್ಮ, ಅಪರೂಪಕ್ಕೆ ಒಬ್ಬ ತೌಡಪ್ಪ. ಈಗಿನ ಹುಡುಗರಿಗೆ ಇಂಥ ಹೆಸರು ಹೇಳಿಕೊಳ್ಳಲು ಸಂಕೋಚ. ಹಿಂದಿನ ಬೆಂಚಿನಿಂದ ಯಾರಾದರೂ ಕಿಸಕ್ಕೆಂದು ನಕ್ಕರೆ ಮುಗಿಯಿತು. ಆ ಹೊತ್ತಿಗೆ ಪಾಠವನ್ನು ಬದಿಗಿಟ್ಟು ಹೆಸರಿನ ಕಥೆ ಹೇಳುವುದು ನನ್ನ ರೂಢಿ.

ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಕಣ್ಣು ಮುಚ್ಚಿದ ಮನೆಯಲ್ಲಿ ಮುಂದಿನ ಕೂಸು ಹುಟ್ಟಿದಾಗ ಅದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸುತ್ತಿದ್ದರು. ನೆರೆಮನೆಯಾಕೆ ಅದನ್ನು ಎತ್ತಿಕೊಳ್ಳುವಳು. ತಾಯಿ ಒಂದು ಮೊರ ತೌಡು ಕೊಟ್ಟು ತನ್ನ ಕೂಸನ್ನು ತಾನೇ ಕೊಂಡುಕೊಳ್ಳುವಳು. ಇದು ಯಾರಿಗೂ ಬೇಡವಾದ ಕಸ, ತೌಡಿನ ಬೆಲೆಗೆ ಸಿಕ್ಕಿದ್ದು, ಇದರ ಮೇಲೆ ಕಣ್ಣು ಹಾಕಬೇಡ ಎಂದು ಸಾವಿಗೆ ಹೇಳುವ ಉಪಾಯ ಅದು. ಹಾಗೆ ಉಳಿದವನು ತಿಪ್ಪಯ್ಯನಾದ, ತೌಡಪ್ಪನಾದ. ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಎಂದು ಹರಸಿದ್ದು ಕಲ್ಲಪ್ಪ, ಗುಂಡಪ್ಪ. ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. ಚಿತ್ರದುರ್ಗದ ಸೀಮೆಯ ತಿಪ್ಪೇಸ್ವಾಮಿಗಳೆಲ್ಲ ತಿಪ್ಪೆಯಿಂದ ಎದ್ದವರಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮೇಲಿನ ಭಕ್ತಿಯಿಂದ ಆ ಹೆಸರು ಹೊತ್ತವರು ಅಲ್ಲಿ ಮನೆಮನೆಗೂ ಇದ್ದಾರೆ. ಆದರೆ ಉಳಿದ ಕಡೆ, ಮುಖ್ಯವಾಗಿ ಹಳೆಯ ತಲೆಮಾರಿನಲ್ಲಿ, ಈ ಹೆಸರು ಕೇಳಿದರೆ ಅದರ ಹಿಂದೆ ಹೆಸರಿಲ್ಲದೆ ಹೋದ ಎರಡು ಮೂರು ಕೂಸುಗಳಿದ್ದವೆಂದು ತಿಳಿಯಬೇಕು. ಅಂಕಿ ಅಂಶಗಳ ಇಲಾಖೆ ಹುಟ್ಟುವ ಮೊದಲು ಶಿಶುಮರಣದ ಲೆಕ್ಕ ಇದ್ದದ್ದು ಈ ಹೆಸರುಗಳಲ್ಲೇ.

ತಾಯಂದಿರ ಸಾವಿಗೂ ಇಂಥ ಗುರುತುಗಳುಂಟು. ತಮಿಳುನಾಡಿನ ಹಳೆಯ ದಾರಿಗಳಲ್ಲಿ ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲು ನಿಲ್ಲಿಸಿದ ಕಲ್ಲುಗಳಿಗೆ ಸುಮೈತಾಂಗಿ ಎಂದು ಹೆಸರು. ಬಸುರಿ ಸತ್ತ ಹೆಂಗಸಿನ ನೆನಪಿಗೆ ಅಂಥ ಕಲ್ಲು ನೆಡಿಸುವ ಪದ್ಧತಿ ಅಲ್ಲಿ ಇತ್ತು. ಇಳಿಸಲಾಗದ ಹೊರೆಯೊಂದಿಗೆ ಹೋದವಳ ಹೆಸರಿನಲ್ಲಿ ದಾರಿಹೋಕರು ಹೊರೆ ಇಳಿಸಲಿ ಎಂಬ ಭಾವ. ಬಡವರ ಮನೆಯ ಮಾತು ಹೀಗಾದರೆ ಅರಮನೆಯದೂ ಬೇರೆಯಲ್ಲ. 1631ರಲ್ಲಿ ಬುರ್ಹಾನಪುರದಲ್ಲಿ ತನ್ನ ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡ ಮುಮ್ತಾಜ್ ಮಹಲಳಿಗೆ ಚಕ್ರವರ್ತಿಯ ಹಕೀಮರೆಲ್ಲರ ಸೇವೆ ಸಿಗಬಹುದಾಗಿತ್ತು. ಹೆತ್ತ ಹದಿನಾಲ್ವರಲ್ಲಿ ಉಳಿದವರು ಏಳು ಮಂದಿ. ತಾಜಮಹಲನ್ನು ಪ್ರೇಮಸ್ಮಾರಕವೆಂದು ಹೊಗಳುವ ನಾವು ಅದು ಬಾಣಂತಿಯೊಬ್ಬಳ ಗೋರಿ ಎಂಬುದನ್ನು ನೆನೆಯುವುದು ಕಡಿಮೆ.

ಈ ದುಃಖವನ್ನು ದೇವರ ಇಚ್ಛೆಯೆಂದು ಬಿಡದೆ ಎಣಿಸಿ ನೋಡಿದವರಲ್ಲಿ ಸ್ವೀಡನ್ನಿನವರು ಮೊದಲಿಗರು. ಅಲ್ಲಿ ಪ್ರತಿ ಊರಿನ ಪಾದ್ರಿಯೂ ಹುಟ್ಟು ಸಾವುಗಳ ಪಟ್ಟಿ ಬರೆದಿಡುವ ಪದ್ಧತಿ ಹಿಂದಿನಿಂದಲೂ ಇತ್ತು. 1749ರಲ್ಲಿ ಆ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ ಇಡೀ ದೇಶದ ಲೆಕ್ಕ ತೆಗೆಯಲು ಸರ್ಕಾರ ಏರ್ಪಾಡು ಮಾಡಿತು. ಮೊದಲ ಲೆಕ್ಕ ಕೈಗೆ ಬಂದಾಗ, 1751ರಲ್ಲಿ, ಅಧಿಕಾರಿಗಳಿಗೆ ಗಾಬರಿಯಾಯಿತು. ಒಂದು ವರ್ಷದಲ್ಲಿ ಹೆರಿಗೆಯಲ್ಲಿ ಸತ್ತ ಹೆಂಗಸರು 651 ಮಂದಿ. ಇವರಲ್ಲಿ 400 ಮಂದಿಯನ್ನಾದರೂ ಉಳಿಸಬಹುದಾಗಿತ್ತು, ತಿಳಿವಳಿಕೆಯುಳ್ಳ ಸೂಲಗಿತ್ತಿಯರಿದ್ದಿದ್ದರೆ, ಎಂದು ಅಲ್ಲಿನ ಆರೋಗ್ಯಮಂಡಲಿ ಹೇಳಿತು. ಉಳಿಸಬಹುದಾಗಿತ್ತು ಎಂಬ ಈ ಮಾತು ಹೊಸದು. ಅದು ಸಾವನ್ನು ಹಣೆಬರಹದಿಂದ ಕಿತ್ತು ಆಡಳಿತದ ಮೇಜಿನ ಮೇಲಿಟ್ಟಿತು. ಆಮೇಲೆ ನೂರಾರು ವರ್ಷ ಆ ದೇಶ ಸೂಲಗಿತ್ತಿಯರಿಗೆ ಶಿಕ್ಷಣ ಕೊಟ್ಟು ಹಳ್ಳಿಗಳಿಗೆ ಕಳಿಸಿತು. 1829ರಲ್ಲಿ ಇಕ್ಕಳದಂಥ ಉಪಕರಣ ಬಳಸಲು ಅವರಿಗೆ ಅನುಮತಿ ಕೊಟ್ಟಿತು. 1881ರಿಂದ ಕೈ ಮತ್ತು ಉಪಕರಣಗಳ ನಂಜು ತೊಳೆಯುವುದನ್ನು ಮನೆಯ ಹೆರಿಗೆಯಲ್ಲೂ ಕಡ್ಡಾಯ ಮಾಡಿತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಲಕ್ಷ ಹೆರಿಗೆಗೆ ಸುಮಾರು 900 ಇದ್ದ ತಾಯಂದಿರ ಸಾವು 1900ರ ಹೊತ್ತಿಗೆ 230ರಷ್ಟಕ್ಕೆ ಇಳಿದಿತ್ತು. ಪೆನಿಸಿಲಿನ್ ಇಲ್ಲ, ರಕ್ತನಿಧಿ ಇಲ್ಲ, ಹಳ್ಳಿಯ ಹೆರಿಗೆಗಳೆಲ್ಲ ಮನೆಯಲ್ಲೇ.

ಆದರೆ ದೊಡ್ಡ ಆಸ್ಪತ್ರೆ, ದೊಡ್ಡ ವೈದ್ಯರು ಇದ್ದ ಕಡೆ ಏನಾಗುತ್ತಿತ್ತು? ವಿಯೆನ್ನಾ ನಗರದ ಕಥೆ ಹಲವರಿಗೆ ಗೊತ್ತಿದ್ದರೂ ಅದರ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಕಡಿಮೆ.

ಅಲ್ಲಿನ ಮಹಾ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯ ವಿದ್ಯೆ ಕಲಿಯುವ ಹೆಂಗಸರು. ಒಂದು ದಿನ ಬಂದವರು ಒಂದಕ್ಕೆ, ಇನ್ನೊಂದು ದಿನ ಬಂದವರು ಇನ್ನೊಂದಕ್ಕೆ ಎಂಬ ವ್ಯವಸ್ಥೆ. ಅದೇ ಊರಿನ ಅದೇ ಬಡ ಹೆಂಗಸರು, ಅದೇ ಗಾಳಿ, ಅದೇ ಊಟ. 1846ರಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ 11.4 ತಾಯಂದಿರು ಸತ್ತರೆ ಎರಡನೆಯದರಲ್ಲಿ 2.8. ಇದು ಊರಿನ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ಮೊದಲನೆಯ ವಿಭಾಗದ ಸರದಿಯ ದಿನ ಬಂದವರು ಕೈಮುಗಿದು ಅಳುತ್ತಿದ್ದರಂತೆ. ದಾರಿಯಲ್ಲೇ ಹೆತ್ತು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದವರು ಒಳಗೆ ಹೆತ್ತವರಿಗಿಂತ ಹೆಚ್ಚಾಗಿ ಬದುಕುತ್ತಿದ್ದರು! ಬಾಣಂತಿ ಜ್ವರ ಗಾಳಿಯಿಂದ ಬರುತ್ತದೆ, ನೆಲದ ವಿಷದಿಂದ ಬರುತ್ತದೆ ಎಂದು ಪಂಡಿತರು ಹೇಳುತ್ತಿದ್ದಾಗ ಆ ಗಾಳಿ ಒಂದು ಗೋಡೆಯ ಈಚೆಗೆ ಮಾತ್ರ ಏಕೆ ಬೀಸುತ್ತದೆ ಎಂದು ಕೇಳಿದವನು ಹಂಗೇರಿಯ ತರುಣ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್.

ಆತ ಒಂದೊಂದೇ ಕಾರಣವನ್ನು ತೆಗೆದುಕೊಂಡು ಪರೀಕ್ಷಿಸಿದ. ಸಾಯುವವರಿಗೆ ಕೊನೆಯ ಸಂಸ್ಕಾರ ಕೊಡಲು ಪಾದ್ರಿ ಗಂಟೆ ಬಾರಿಸುತ್ತ ಮೊದಲನೆಯ ವಿಭಾಗದ ನಡುವೆ ಹಾದುಹೋಗುತ್ತಿದ್ದ. ಆ ಸದ್ದಿಗೆ ಬಾಣಂತಿಯರು ಹೆದರಿ ಜ್ವರ ಬರುತ್ತದೋ ಎಂದು, ಗಂಟೆಯಿಲ್ಲದೆ ಬೇರೆ ದಾರಿಯಿಂದ ಬರುವಂತೆ ಪಾದ್ರಿಯನ್ನು ಕೇಳಿಕೊಂಡ. ಸಾವು ಇಳಿಯಲಿಲ್ಲ. ಮಲಗಿಸುವ ಭಂಗಿ ಬದಲಾಯಿಸಿದ. ಇಳಿಯಲಿಲ್ಲ. 1847ರ ಮಾರ್ಚಿನಲ್ಲಿ ಆತನ ಗೆಳೆಯ, ಪ್ರೊಫೆಸರ್ ಕೊಲೆಚ್ಕಾ, ಹೆಣ ಕೊಯ್ಯುವಾಗ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಗುಲಿ ತೀರಿಕೊಂಡ. ಆ ಶವದ ಪರೀಕ್ಷೆಯ ವರದಿ ಓದುತ್ತಿದ್ದಂತೆ ಸೆಮ್ಮೆಲ್‌ವೈಸನಿಗೆ ಬಾಣಂತಿ ಜ್ವರದ ಲಕ್ಷಣಗಳೇ ಎದುರು ನಿಂತವು. ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಹೆಣ ಕೊಯ್ದು, ಅದೇ ಕೈಯಿಂದ ಹೆರಿಗೆ ಮಾಡಿಸುತ್ತಿದ್ದರು. ಸೂಲಗಿತ್ತಿಯರಿಗೆ ಹೆಣದ ಕೋಣೆಯ ಗೊಡವೆ ಇರಲಿಲ್ಲ. ಮೇ ತಿಂಗಳ ನಡುವಿನಲ್ಲಿ ಆತ ಬಾಗಿಲ ಬಳಿ ಕ್ಲೋರಿನ್ ಸುಣ್ಣದ ನೀರಿನ ಬೋಗುಣಿ ಇಡಿಸಿ, ಕೈ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಕಟ್ಟಪ್ಪಣೆ ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18.3 ಇದ್ದ ಸಾವು ಜೂನಿನಲ್ಲಿ 2.2ಕ್ಕೂ ಜುಲೈಯಲ್ಲಿ 1.2ಕ್ಕೂ ಇಳಿಯಿತು.

ಇಷ್ಟು ಸ್ಪಷ್ಟವಾದ ಲೆಕ್ಕವನ್ನು ಯಾರು ಅಲ್ಲಗಳೆದಾರು ಎಂದು ನಮಗೆ ಅನ್ನಿಸುತ್ತದೆ. ಆದರೆ ಹಿರಿಯರು ಬಹುಮಟ್ಟಿಗೆ ಅಲ್ಲಗಳೆದರು. ಸಾವನ್ನು ತಂದದ್ದು ನಮ್ಮ ಕೈ ಎಂದು ಒಪ್ಪಿಕೊಳ್ಳುವುದು ಯಾವ ವೃತ್ತಿಯವರಿಗೂ ಸುಲಭವಲ್ಲ. ಸೆಮ್ಮೆಲ್‌ವೈಸ್ ಮಾತಿನಲ್ಲಿ ಒರಟ, ಬರೆಯುವುದರಲ್ಲಿ ಸೋಮಾರಿ. ಆತನ ಪುಸ್ತಕ ಹೊರಬಂದದ್ದು 1861ರಲ್ಲಿ, ಹದಿನಾಲ್ಕು ವರ್ಷ ತಡವಾಗಿ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ, ಗಾಯದ ನಂಜೇರಿ, ತಾನು ಯಾವುದರ ವಿರುದ್ಧ ಹೋರಾಡಿದನೋ ಅಂಥದೇ ಸಾವು ಆತನಿಗೆ ಬಂತು.

ಈಗ ಕೂಸುಗಳ ಕಡೆ ತಿರುಗೋಣ. ಇಂಗ್ಲೆಂಡಿನಲ್ಲಿ 1837ರಿಂದ ಹುಟ್ಟು ಸಾವುಗಳ ಸರ್ಕಾರಿ ನೋಂದಣಿ ನಡೆಯುತ್ತಿತ್ತು. ವಿಲಿಯಂ ಫಾರ್ ಎಂಬಾತ ಆ ಅಂಕಿಗಳಿಂದ ಊರಿಗೂ ಊರಿಗೂ ಹೋಲಿಕೆ ಮಾಡುವುದನ್ನು ಕಲಿಸಿದ. ಹುಟ್ಟಿದ ಸಾವಿರ ಕೂಸುಗಳಲ್ಲಿ ಒಂದು ವರ್ಷ ತುಂಬುವ ಮೊದಲು ಸತ್ತವು ಎಷ್ಟು ಎಂಬುದೇ ಶಿಶುಮರಣದ ಪ್ರಮಾಣ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ರೈಲು ಬಂತು, ಚರಂಡಿ ಬಂತು, ದೊಡ್ಡವರ ಸಾವು ಇಳಿಯತೊಡಗಿತು. ಶಿಶುಮರಣ ಮಾತ್ರ 150ರ ಆಸುಪಾಸಿನಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. 1900ರಲ್ಲೂ ಅದು 154. ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸಲು ಹೋದಾಗ ಕೈಗಾರಿಕಾ ನಗರಗಳ ತರುಣರು ಎದೆಗೂಡು ಸೊರಗಿ ನಾಲಾಯಕ್ಕಾಗಿ ನಿಂತದ್ದನ್ನು ಕಂಡು ಸಾಮ್ರಾಜ್ಯದ ದೊರೆಗಳಿಗೆ ಎಚ್ಚರವಾಯಿತು. ತೊಟ್ಟಿಲಿನ ಚಿಂತೆಗೆ ಬಂದೂಕಿನ ಚಿಂತೆ ಕಾರಣವಾಯಿತೆಂಬುದು ಒಪ್ಪಬೇಕಾದ ಸತ್ಯ.

ಅಂದಿನ ಆರೋಗ್ಯಾಧಿಕಾರಿಗಳು ಬೇಸಿಗೆಯ ಅತಿಸಾರವನ್ನು ಪತ್ತೇದಾರರಂತೆ ಬೆನ್ನಟ್ಟಿದರು. ಬಿಸಿಲು ಹೆಚ್ಚಾಗಿ ಮಳೆ ಕಡಿಮೆಯಾದ ವರ್ಷ ಕೂಸುಗಳ ಸಾವು ಏರುತ್ತಿತ್ತು. ಬೀದಿಯಲ್ಲಿ ಕುದುರೆ ಲದ್ದಿ, ಲದ್ದಿಯ ಮೇಲೆ ನೊಣ, ಹಿತ್ತಿಲಲ್ಲಿ ಗುಂಡಿ ಪಾಯಿಖಾನೆ, ಅದೇ ನೊಣ ಅಡುಗೆಮನೆಯ ಹಾಲಿನ ಮೇಲೆ. ಹಾಲೂಡಿಸುವ ಶೀಷೆಗೆ ಉದ್ದನೆಯ ರಬ್ಬರು ಕೊಳವೆ ಇರುತ್ತಿತ್ತು. ಅದನ್ನು ಒಳಗಿನಿಂದ ತೊಳೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಮೊಲೆಹಾಲು ಕುಡಿದ ಕೂಸುಗಳು ಅದೇ ಬೀದಿಯಲ್ಲಿ ಬಹುಮಟ್ಟಿಗೆ ಪಾರಾಗುತ್ತಿದ್ದವು. ಬ್ರೈಟನ್ನಿನಲ್ಲಿ ಆರೋಗ್ಯಾಧಿಕಾರಿಯಾಗಿದ್ದು ಮುಂದೆ ಕೇಂದ್ರ ಸ್ಥಳೀಯಾಡಳಿತ ಮಂಡಲಿಗೆ ಹೋದ ಆರ್ಥರ್ ನ್ಯೂಸ್‌ಹೋಮ್ ಊರೂರಿನ ಅಂಕಿಗಳನ್ನು ಹೋಲಿಸಿ 1910ರಲ್ಲಿ ವರದಿ ಬರೆದ. ಒಂದು ಊರಿನ ನೈರ್ಮಲ್ಯವೂ ಜನಜೀವನವೂ ಹೇಗಿದೆಯೆಂದು ತಿಳಿಯಲು ಶಿಶುಮರಣದಷ್ಟು ಸೂಕ್ಷ್ಮವಾದ ಅಳತೆ ಇನ್ನೊಂದಿಲ್ಲ ಎಂಬುದು ಆತನ ನಿಲುವು. ಆರೋಗ್ಯಶಾಸ್ತ್ರದ ಪಠ್ಯಗಳಲ್ಲಿ ಈಗಲೂ ಓದುವ ಮಾತಿನ ಮೂಲ ಇದು.

ಆದರೆ ನನಗೆ ವರದಿಗಿಂತ ಹಡರ್ಸ್‌ಫೀಲ್ಡಿನ ಮೇಯರನ ಪ್ರಸಂಗವೇ ಪ್ರಿಯ. ಉಣ್ಣೆ ಗಿರಣಿಗಳ ಆ ಊರಿನಲ್ಲಿ ಬೆಂಜಮಿನ್ ಬ್ರಾಡ್‌ಬೆಂಟ್ 1904ರಲ್ಲಿ ಮೇಯರಾದ. ಲಾಂಗ್‌ವುಡ್ ಎಂಬ ತನ್ನ ಬಡಾವಣೆಯಲ್ಲಿ ಹುಟ್ಟುವ ಪ್ರತಿ ಕೂಸಿನ ತಾಯಿಗೂ ಒಂದು ಚೀಟಿ ಕೊಟ್ಟ. ಕೂಸಿಗೆ ವರ್ಷ ತುಂಬಿದ ದಿನ ಚೀಟಿ ತಂದರೆ ಒಂದು ಪೌಂಡು. ಅಂದಿನ ಗಿರಣಿ ಕೂಲಿಗೆ ಅದು ಸಣ್ಣ ಹಣವಲ್ಲ. ಚೀಟಿಯ ಹಿಂದೆ ಕೂಸಿನ ಪಾಲನೆಗೆ ಬುದ್ಧಿಮಾತು, ಮನೆಗೆ ಬಂದು ವಿಚಾರಿಸುವ ಹೆಂಗಸರ ತಂಡ. ಸಾವು ಇಳಿಯಿತು. ಇಳಿದದ್ದು ಪೌಂಡಿನಿಂದಲೋ, ಬಾಗಿಲು ತಟ್ಟಿ ವಿಚಾರಿಸುವವರು ಬಂದದ್ದರಿಂದಲೋ ಎಂದು ವಾದ ಮಾಡಬಹುದು. ಎರಡನೆಯದೇ ಮುಖ್ಯವೆಂದು ನನಗೆ ಕಾಣುತ್ತದೆ. ಏಕೆಂದರೆ ಆ ಊರು ಅಲ್ಲಿಂದ ಮುಂದೆ ಹಿಡಿದ ದಾರಿ ಹಣ ಹಂಚುವುದಲ್ಲ. ಹುಟ್ಟಿದ 48 ಗಂಟೆಯೊಳಗೆ ಆರೋಗ್ಯಾಧಿಕಾರಿಗೆ ಸುದ್ದಿ ಮುಟ್ಟಬೇಕೆಂದು 1906ರಲ್ಲಿ ತನಗಾಗಿ ಕಾಯಿದೆ ಮಾಡಿಸಿಕೊಂಡಿತು. ಮರುವರ್ಷ ಒಪ್ಪಿಕೊಂಡ ಊರುಗಳಿಗೆಲ್ಲ ಅದು ಅನ್ವಯಿಸಿತು, 1915ರಲ್ಲಿ ದೇಶಕ್ಕೆಲ್ಲ. ಕೂಸು ಹುಟ್ಟಿದೆಯೆಂದು ತಿಂಗಳ ಮೇಲೆ ತಿಳಿದರೆ ಉಳಿಸುವುದು ಯಾರನ್ನು?

ಇಲ್ಲಿಗೆ ಒಂದು ಒಗಟು ಬರುತ್ತದೆ. 1900ರಲ್ಲಿ 154 ಇದ್ದ ಶಿಶುಮರಣ 1930ರಲ್ಲಿ 60ಕ್ಕೆ ಇಳಿಯಿತು. ಅದೇ ಮೂವತ್ತು ವರ್ಷದಲ್ಲಿ ಅದೇ ಮನೆಗಳ ತಾಯಂದಿರ ಸಾವು ಸಾವಿರಕ್ಕೆ ನಾಲ್ಕರ ಮೇಲೆಯೇ ಕದಲದೆ ಕೂತಿತ್ತು. ಇನ್ನೂ ವಿಚಿತ್ರವೆಂದರೆ ಕೂಲಿಯವರ ಹೆಂಡಂದಿರಿಗಿಂತ ಅನುಕೂಲಸ್ಥರ ಹೆಂಡಂದಿರಲ್ಲಿ ಈ ಸಾವು ಹೆಚ್ಚು. ಬಡವರ ಮನೆಗೆ ಬರುವವಳು ತರಬೇತಾದ ಸೂಲಗಿತ್ತಿ. ಅವಳು ಕಾಯುತ್ತಾ ಕೂರುತ್ತಿದ್ದಳು. ಸಿರಿವಂತರ ಮನೆಗೆ ಬರುವ ವೈದ್ಯನಿಗೆ ಇನ್ನೊಂದು ಮನೆಗೆ ಹೋಗುವ ಅವಸರ, ಕೈಯಲ್ಲಿ ಇಕ್ಕಳ. 1935ರಲ್ಲಿ ಜರ್ಮನಿಯಿಂದ ಸಲ್ಫಾ ಔಷಧ ಬಂತು. ಮರುವರ್ಷ ಲಂಡನ್ನಿನ ಕ್ವೀನ್ ಶಾರ್ಲಟ್ಸ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಕೋಲ್‌ಬ್ರೂಕ್ ಅದನ್ನು ಬಾಣಂತಿ ನಂಜಿಗೆ ಕೊಟ್ಟು ನೋಡಿದ. ಆ ಗೆರೆ ಇಳಿಯತೊಡಗಿದ್ದು ಆಗ.

ಎರಡು ಅಂಕಿಗಳನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಅವು ಅಳೆಯುವುದು ಒಂದನ್ನೇ ಅಲ್ಲ. ಕೂಸಿನ ಸಾವು ಬೀದಿಯನ್ನು ಅಳೆಯುತ್ತದೆ: ನೀರು, ಹಾಲು, ಚರಂಡಿ, ತಾಯಿಯ ಅನ್ನ, ಅವಳಿಗೆ ಬಂದ ನಾಲ್ಕಕ್ಷರ. ತಾಯಿಯ ಸಾವು ಹೆಚ್ಚಾಗಿ ಅಳೆಯುವುದು ಒಂದು ರಾತ್ರಿಯನ್ನು: ರಕ್ತ ನಿಲ್ಲದೆ ಹರಿಯತೊಡಗಿದಾಗ ಯಾರು ಬಳಿಯಲ್ಲಿದ್ದರು, ಅವರ ಕೈ ಹೇಗಿತ್ತು, ಮುಂದಿನ ಆಸ್ಪತ್ರೆ ಎಷ್ಟು ದೂರ.

ನಮ್ಮ ದೇಶದ ಲೆಕ್ಕವನ್ನು ಒಂದೆಡೆ ಇಟ್ಟು ತೋರಿಸಿದ್ದು 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ. 1937ರಲ್ಲಿ ಬ್ರಿಟಿಷ್ ಇಂಡಿಯಾದ ಶಿಶುಮರಣ 162, ಇಂಗ್ಲೆಂಡಿನದು 58, ನ್ಯೂಜಿಲೆಂಡಿನದು 31. ವರ್ಷಕ್ಕೆ ಸುಮಾರು ಎರಡು ಲಕ್ಷ ತಾಯಂದಿರು ಸಾಯುತ್ತಾರೆಂದು ಸಮಿತಿ ಅಂದಾಜು ಮಾಡಿತು. ಅಂದಾಜು ಎನ್ನುವ ಪದವನ್ನು ಗಮನಿಸಬೇಕು. ಹಳ್ಳಿಗಳಲ್ಲಿ ಹುಟ್ಟು ಸಾವಿನ ವರದಿ ಕೊಡುವ ಹೊಣೆ ಪಟೇಲ, ಚೌಕೀದಾರರಂಥವರದು. ಸೂತಕ ಕಳೆಯುವ ಮೊದಲೇ ಹೋದ ಕೂಸನ್ನು ಹಿತ್ತಿಲಲ್ಲೋ ಹೊಲದ ಬದುವಿನಲ್ಲೋ ಮಣ್ಣು ಮಾಡಿ ಬಂದವರು ಚಾವಡಿಗೆ ಹೋಗಿ ಬರೆಸುವುದುಂಟೇ? ಹುಟ್ಟೂ ಬರೆಸದೆ ಸಾವೂ ಬರೆಸದೆ ಹೋದ ಕೂಸು ಪ್ರಮಾಣದ ಮೇಲಿನ ಅಂಕಿಯಲ್ಲೂ ಇಲ್ಲ, ಕೆಳಗಿನ ಅಂಕಿಯಲ್ಲೂ ಇಲ್ಲ. ಹೀಗಾಗಿ ನೋಂದಣಿ ಕೆಟ್ಟ ಊರು ಕಾಗದದ ಮೇಲೆ ಆರೋಗ್ಯವಂತ ಊರಾಗಿ ಕಾಣುತ್ತದೆ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯಿದೆಯಾದದ್ದು 1969ರಲ್ಲಿ. ಸುಮಾರು ಅದೇ ಹೊತ್ತಿಗೆ, ಆಯ್ದ ಹಳ್ಳಿ ಮೊಹಲ್ಲಾಗಳಲ್ಲಿ ಮನೆಮನೆಗೆ ಹೋಗಿ ಎಣಿಸುವ ಮಾದರಿ ನೋಂದಣಿ ಪದ್ಧತಿ ನೆಲೆಗೊಂಡಿತು. ನಂಬಬಹುದಾದ ಅಂಕಿಗಳು ನಮಗೆ ದೊರೆತದ್ದು ಆಮೇಲೆಯೇ.

ಆ ಪದ್ಧತಿಯ ಪ್ರಕಾರ 1971ರಲ್ಲಿ ಭಾರತದ ಶಿಶುಮರಣ 129. 2020ರಲ್ಲಿ 28. ಅದೇ ವರ್ಷ ಕರ್ನಾಟಕದ್ದು 19, ಕೇರಳದ್ದು 6. ತಾಯಂದಿರ ಸಾವಿನಲ್ಲಿ 2018ರಿಂದ 2020ರವರೆಗಿನ ಲೆಕ್ಕ ಲಕ್ಷ ಹೆರಿಗೆಗೆ ಭಾರತಕ್ಕೆ 97, ಕರ್ನಾಟಕಕ್ಕೆ 69, ಕೇರಳಕ್ಕೆ 19. ಹಳೆಯದರ ಮುಂದೆ ಇದು ಪವಾಡದಂತೆ ಕಾಣುತ್ತದೆ, ಸಂತೋಷಪಡಬೇಕಾದದ್ದೇ. ಆದರೆ ಆ ಲೆಕ್ಕದಲ್ಲಿ ದಕ್ಷಿಣದ ರಾಜ್ಯಗಳ ಪೈಕಿ ತಾಯಂದಿರ ಸಾವು ಹೆಚ್ಚಾಗಿದ್ದದ್ದು ನಮ್ಮಲ್ಲೇ. ಬೆಂಗಳೂರಿನಲ್ಲಿ ಕೂತು ಪತ್ರಿಕೆ ಓದುವ ನಮಗೆ ಈ ಮಾತು ಸ್ವಲ್ಪ ಇರಿಯಬೇಕು. ರಾಜ್ಯದ ಒಂದು ಅಂಕಿಯೊಳಗೆ ಉಡುಪಿಯೂ ಇದೆ, ಯಾದಗಿರಿಯೂ ಇದೆ.

ಹಾಗಾದರೆ ಜಿಲ್ಲೆ ಜಿಲ್ಲೆಗೆ, ತಾಲೂಕು ತಾಲೂಕಿಗೆ ಲೆಕ್ಕ ತೆಗೆಯಬಾರದೇಕೆ ಎಂದು ಓದುಗರು ಕೇಳಬಹುದು. ಅಲ್ಲಿ ತೊಡಕುಂಟು. ಸಣ್ಣ ತಾಲೂಕಿನಲ್ಲಿ ಒಂದು ವರ್ಷ ಒಬ್ಬ ತಾಯಿ ಸತ್ತು ಮುಂದಿನ ವರ್ಷ ಮೂವರು ಸತ್ತರೆ ಪ್ರಮಾಣ ಮೂರು ಪಟ್ಟಾಗುತ್ತದೆ. ಅದರಿಂದ ಆ ತಾಲೂಕು ಕೆಟ್ಟಿತೆನ್ನಲಾಗದು. ಜೊತೆಗೆ ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಗಂಡನ ಊರು ಒಂದು, ಹೆತ್ತ ಊರು ಇನ್ನೊಂದು. ಹೆರಿಗೆ ಕಷ್ಟವಾದರೆ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ. 1935ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಗೆ ಸುತ್ತಣ ಜಿಲ್ಲೆಗಳಿಂದ ಕಷ್ಟದ ಹೆರಿಗೆಗಳು ಬರುತ್ತವೆ. ಕಾಯಿದೆಯ ಪ್ರಕಾರ ಸಾವು ದಾಖಲಾಗುವುದು ಸತ್ತ ಸ್ಥಳದಲ್ಲಿ. ಹೀಗೆ ಹಳ್ಳಿಯ ರಸ್ತೆಯ ತಪ್ಪು ಪಟ್ಟಣದ ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಆದ್ದರಿಂದಲೇ ಈಚೆಗೆ ಪ್ರಮಾಣ ಲೆಕ್ಕ ಹಾಕುವುದರ ಜೊತೆಗೆ ಒಂದೊಂದು ಸಾವನ್ನೂ ಪ್ರತ್ಯೇಕವಾಗಿ ವಿಚಾರಿಸುವ ಕ್ರಮ ಬಂದಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ನರಕ್ಕೆ ಹನಿಸಿದ ದ್ರಾವಣದ ಮೇಲೆ ಅನುಮಾನ ಬಂದು ವಿಚಾರಣೆಯಾಯಿತು. ವಿಯೆನ್ನಾದ ಆ ಎರಡು ವಿಭಾಗಗಳು ನನಗೆ ನೆನಪಾದದ್ದು ಆ ಸುದ್ದಿ ಓದುವಾಗ. ಮನೆಗಿಂತ ಆಸ್ಪತ್ರೆ ಕ್ಷೇಮವೆಂದು ಆಶಾ ಕಾರ್ಯಕರ್ತೆ ಹೇಳಿದ ಮಾತು ನಂಬಿ ತಾಯಿ ಕಾರ್ಡು ಹಿಡಿದು ಬಂದವರು ಅವರು.

ಸೂಲಗಿತ್ತಿಯರನ್ನು ನಾವು ಬಹುಬೇಗ ಮರೆತೆವೆಂದೂ ಹೇಳಬೇಕು. ಪಾವಗಡದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂಥ ಕೈಗಳಿಗೆ ಸ್ವೀಡನ್ನಿನಂತೆ ನೂರು ವರ್ಷ ಮೊದಲೇ ಪಾಠವನ್ನೂ ಸಾಬೂನನ್ನೂ ಸಂಬಳವನ್ನೂ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದು ಈಗ ವ್ಯರ್ಥವಿರಬಹುದು. ಆದರೂ ಯೋಚನೆ ಬರುತ್ತದೆ.

ನಮ್ಮ ಅಜ್ಜಿಯನ್ನು ನರ್ಸಮ್ಮ ಬಂದು ಎಷ್ಟು ಮಕ್ಕಳು ಎಂದು ಕೇಳಿದಾಗ ಆಕೆ ಕೊಡುತ್ತಿದ್ದ ಉತ್ತರ, "ಉಳಿದವು ನಾಲ್ಕವ್ವ." ಹೆತ್ತದ್ದು ಏಳು ಎಂಬುದು ಮನೆಯವರಿಗೆ ಮಾತ್ರ ಗೊತ್ತು. ನಾಲ್ವರಲ್ಲಿ ಹಿರಿಯರೇ ನಮ್ಮ ದೊಡ್ಡಪ್ಪ, ತಿಪ್ಪಯ್ಯನವರು. ಕೆಲವು ವರ್ಷದ ಹಿಂದೆ ಜಮೀನಿನ ವಂಶವೃಕ್ಷಕ್ಕಾಗಿ ಒಂದು ಕಛೇರಿಯಲ್ಲಿ ಹಳೆಯ ಜನನ ಮರಣ ಪುಸ್ತಕಗಳನ್ನು ತಿರುವಿಹಾಕುವ ಸಂದರ್ಭ ಬಂತು. ಧೂಳು ತಿಂದ ಹಾಳೆಗಳ ನಡುವೆ ತಾತನ ಹೆಸರಿನ ಮುಂದೆ, ದೊಡ್ಡಪ್ಪನಿಗಿಂತ ಮುಂಚೆ ಹುಟ್ಟಿದ ಇಬ್ಬರ ಜನನ ಸಿಕ್ಕಿತು. ಒಂದು ಗಂಡು, ಒಂದು ಹೆಣ್ಣು. ಮಗುವಿನ ಹೆಸರು ಎಂಬ ಕಲಮು ಎರಡು ಕಡೆಯೂ ಖಾಲಿ. ಮರಣದ ಪುಸ್ತಕವನ್ನೂ ಮಧ್ಯಾಹ್ನದವರೆಗೆ ಕೂತು ನೋಡಿದೆ. ಅವರ ಸಾವನ್ನು ಯಾರೂ ಬರೆಸಿರಲಿಲ್ಲ. ಮೂರನೆಯ ಕೂಸಿನದು ಹುಟ್ಟೂ ಇರಲಿಲ್ಲ. ಗುಮಾಸ್ತರು ಪುಸ್ತಕ ಮುಚ್ಚಿಡುತ್ತಾ, "ಇದರಿಂದ ನಿಮ್ಮ ಜಮೀನಿಗೇನೂ ತೊಂದರೆಯಿಲ್ಲ ಬಿಡಿ ಮೇಷ್ಟ್ರೇ" ಎಂದರು.